ಮಿಲ್‌ವುಡ್‌ನ ಬರ್ವೆಲ್-ಮಾರ್ಗನ್ ಮಿಲ್: ಹಿಟ್ಟು ಕೊಳ್ಳಿ, ಯುದ್ಧದ ಕಥೆಯನ್ನೂ ಕೇಳಿ

ಅಮೆರಿಕದ ವರ್ಜೀನಿಯಾ ರಾಜ್ಯದ ಆ್ಯಶ್‌ಬರ್ನ್, ಹರ್ನ್‌ಡನ್ ಕಡೆ ಇರುವ ಕನ್ನಡದವರಿಗಾಗಿ ಇದನ್ನು ಬರೆಯುತ್ತಿದ್ದೇನೆ. ಶನಿವಾರ ಬಿಡುವಿದ್ದರೆ ರೂಟ್ 50 ಹಿಡಿದು ಬ್ಲೂ ರಿಜ್ ಬೆಟ್ಟ ದಾಟಿ, ಶೆನಂಡೋವ ನದಿಯನ್ನೂ ದಾಟಿ ಮಿಲ್‌ವುಡ್ ಅನ್ನುವ ಸಣ್ಣ ಊರಿಗೆ ಹೋಗಿ. ಅಲ್ಲಿ 1785ರ ಹೊತ್ತಿಗೆ ಕಟ್ಟಿ ಮುಗಿಸಿದ ಹಿಟ್ಟಿನ ಗಿರಣಿ ಇದೆ. ಈಗಲೂ ನೀರಿನ ಬಲದಲ್ಲೇ ಕಾಳು ಬೀಸುತ್ತಾರೆ.

ಕೆಳಗೆ ಸುಣ್ಣಕಲ್ಲಿನ ಗೋಡೆ, ಮೇಲೆ ಮರದ್ದು. ಸ್ಪೌಟ್ ರನ್ ಎಂಬ ಹಳ್ಳದ ನೀರು ಕಟ್ಟಡದ ಒಳಗೇ ಇರುವ ದೊಡ್ಡ ಚಕ್ರವನ್ನು ತಿರುಗಿಸುತ್ತದೆ, ಅದು ಮರದ ಹಲ್ಲಿನ ಗಾಲಿಗಳನ್ನು, ಅವು ಮೇಲಿನ ಕಲ್ಲನ್ನು. ಕೆಳಗಿನ ಕಲ್ಲು ಅಲುಗಾಡುವುದಿಲ್ಲ. ಎರಡರ ನಡುವೆ ಸಂದಿ ಎಷ್ಟು ಬಿಡಬೇಕು ಅನ್ನುವುದೇ ಜಾಣತನ. ಜಾಸ್ತಿ ಬಿಟ್ಟರೆ ನುಚ್ಚು, ತೀರಾ ಬಿಗಿ ಮಾಡಿದರೆ ಹಿಟ್ಟು ಬಿಸಿಯಾಗಿ ಸೀದ ವಾಸನೆ.

ಕಟ್ಟಿಸಿದವರು ಇಬ್ಬರು. ಡೇನಿಯಲ್ ಮಾರ್ಗನ್ ಅಮೆರಿಕದ ಸ್ವಾತಂತ್ರ್ಯ ಯುದ್ಧದಲ್ಲಿ ಬ್ರಿಟಿಷರ ವಿರುದ್ಧ ಹೋರಾಡಿದ ಸೇನಾಪತಿ. ಹತ್ತಿರದಲ್ಲೇ ಇರುವ ಅವನ ಮನೆ ಸಾರಟೋಗವನ್ನು ಕಟ್ಟಿದ್ದು ಆ ಯುದ್ಧದಲ್ಲಿ ಬ್ರಿಟಿಷರ ಪರ ಹೋರಾಡಿ ಸೆರೆಸಿಕ್ಕ ಹೆಸ್ಸಿಯನ್ನರು, ಅಂದರೆ ಜರ್ಮನ್ ಸೈನಿಕರು. ನಥಾನಿಯಲ್ ಬರ್ವೆಲ್ ದೊಡ್ಡ ಜಮೀನುದಾರ. ಅವನ ಹೊಲಗಳಲ್ಲಿ ದುಡಿದವರು ಗುಲಾಮರು. ಇಲ್ಲಿನ ಹಿಟ್ಟಿನ ಹಣದ ಮಾತು ಬಂದಾಗ ಅವರನ್ನು ಬಿಡುವ ಹಾಗಿಲ್ಲ.

ಆದರೆ ನನ್ನನ್ನು ಹಿಡಿದು ನಿಲ್ಲಿಸಿದ್ದು ಮುಂದಿನ ಯುದ್ಧ, 1861ರಿಂದ 1865ರವರೆಗೆ ಅಮೆರಿಕದ ಉತ್ತರ, ದಕ್ಷಿಣ ರಾಜ್ಯಗಳ ನಡುವೆ ನಡೆದ ಅಂತರ್ಯುದ್ಧ. ಈ ಗಿರಣಿ ಇರುವ ಶೆನಂಡೋವ ಕಣಿವೆಯೇ ದಕ್ಷಿಣದವರ ಸೇನೆಯ ಕಣಜವಾಗಿತ್ತು. ಗೋಧಿಯನ್ನು ಹಾಗೇ ಮುಕ್ಕಿ ಸೈನಿಕ ನಡೆಯಲಾರ ಅಲ್ವಾ, ಅದು ಹಿಟ್ಟಾಗಬೇಕು, ಹಿಟ್ಟಾಗಬೇಕಾದರೆ ಗಿರಣಿ ಬೇಕು. ಹಾಗಾಗಿಯೇ 1864ರ ಸೆಪ್ಟೆಂಬರ್ ಕೊನೆ, ಅಕ್ಟೋಬರ್ ಮೊದಲಲ್ಲಿ ಉತ್ತರದ ಜನರಲ್ ಫಿಲಿಪ್ ಶೆರಿಡನ್‌ನ ಕುದುರೆ ದಂಡು ಕಣಿವೆಯುದ್ದಕ್ಕೂ ಬೆಂಕಿ ಹಚ್ಚುತ್ತಾ ಬಂತು. ಹುಲ್ಲು, ಗೋಧಿ ತುಂಬಿದ 2000ಕ್ಕೂ ಹೆಚ್ಚು ಕಣಜದ ಕೊಟ್ಟಿಗೆಗಳನ್ನು, 70ಕ್ಕೂ ಹೆಚ್ಚು ಗಿರಣಿಗಳನ್ನು ನಾಶ ಮಾಡಿದ್ದಾಗಿ ಅವನೇ ಅಕ್ಟೋಬರ್ 7ರಂದು ತನ್ನ ಮೇಲಧಿಕಾರಿ ಜನರಲ್ ಗ್ರಾಂಟ್‌ಗೆ ವರದಿ ಕಳಿಸಿದ. ಅಲ್ಲಿಯವರು ಅದನ್ನು ಇವತ್ತಿಗೂ 'ದಿ ಬರ್ನಿಂಗ್' ಅನ್ನುತ್ತಾರೆ. ನನಗೆ ಆ 2000ಕ್ಕಿಂತ 70 ಭಾರ ಅನಿಸುತ್ತದೆ. ಕೊಟ್ಟಿಗೆಯನ್ನು ಊರವರು ಸೇರಿ ಮತ್ತೆ ಎಬ್ಬಿಸಬಹುದು. ಗಿರಣಿಗೆ ಕಲ್ಲು ತರಬೇಕು, ಗೆರೆ ಕೊರೆಯಬೇಕು, ಹಲ್ಲಿನ ಗಾಲಿ ಮಾಡಬಲ್ಲ ಬಡಗಿ ಸಿಗಬೇಕು. ಅಲ್ಲಿಯತನಕ ಕಾಳು ಇದ್ದವನೂ ರೊಟ್ಟಿ ಕಾಣುವುದಿಲ್ಲ. ಈ ಮಾತು ಓದಿದಾಗ ಅರ್ಥವಾಗಿರಲಿಲ್ಲ, ಗಾಲಿ ಒಂದಕ್ಕೊಂದು ಕಚ್ಚಿಕೊಂಡು ತಿರುಗುವುದನ್ನು ಪಕ್ಕದಲ್ಲಿ ನಿಂತು ನೋಡಿದಾಗ ಆಯಿತು.

ಆ ಬೆಂಕಿಯ ಮುಖ್ಯ ದಾರಿ ಇಲ್ಲಿಂದ ದಕ್ಷಿಣಕ್ಕಿತ್ತು, ಈ ಗಿರಣಿ ಉಳಿಯಿತು. ಹತ್ತಿರದ ವಿಂಚೆಸ್ಟರ್ ಒಮ್ಮೆ ಇವರ ಕೈಗೆ, ಒಮ್ಮೆ ಅವರ ಕೈಗೆ ಹೋಗುತ್ತಿದ್ದ ಕಾಲದಲ್ಲಿ ಇಲ್ಲಿಂದ ಎರಡೂ ಸೇನೆಗಳಿಗೆ ಹಿಟ್ಟು, ಕಾಳು ಮಾರಾಟವಾಯಿತು.

ಇನ್ನು ಹಿಟ್ಟಿನ ವಿಚಾರ. ಮೆಕ್ಕೆಜೋಳದ್ದು ತುಂಬಾ ಚೆನ್ನಾಗಿದೆ. ಬಿಸಿನೀರಲ್ಲಿ ಕಲಸಿ ತಟ್ಟಿದ ರೊಟ್ಟಿಗೆ ಎಣ್ಣೆಗಾಯಿ ಹಾಕಿಕೊಂಡು ತಿಂದೆವು, ಸಿಹಿ ಸಿಹಿ ಘಮ. ಗ್ರಿಟ್ಸ್ ಅಂದರೆ ಮೆಕ್ಕೆಜೋಳದ ನುಚ್ಚು, ಅದರಲ್ಲಿ ಉಪ್ಪಿಟ್ಟು ಮಾಡಿ, ನೀರು ಮಾತ್ರ ಜಾಸ್ತಿ ಇಡಿ, ಬೇಯಲು ಹೊತ್ತು ಬೇಕು. ಗೋಧಿ ಹಿಟ್ಟು ತರಿತರಿ, ಹೊಟ್ಟು ಪೂರ್ತಿ ಇರುತ್ತದೆ, ದಪ್ಪ ಚಪಾತಿಗೆ ಸರಿ. ಕಾಳಿನ ಮೊಳಕೆಯ ಎಣ್ಣೆ ಹಾಗೇ ಉಳಿದಿರುವುದರಿಂದ ಹೊರಗಿಟ್ಟರೆ ಬೇಗ ಕಮಟು ಬರುತ್ತದೆ, ತಂದ ಕೂಡಲೇ ಫ್ರಿಜ್‌ಗೆ ಹಾಕಿ.

ಚಳಿಗಾಲದಲ್ಲಿ ಬೀಸುವುದಿಲ್ಲ, ಹೊರಡುವ ಮುಂಚೆ ಬೀಸುವ ದಿನ ಯಾವುದು ಎಂದು ಕೇಳಿಕೊಳ್ಳಿ. ಇನ್ನೂ ಸಮಯವಿದ್ದರೆ ಇಂಟರ್‌ಸ್ಟೇಟ್ 81 ಹಿಡಿದು ದಕ್ಷಿಣಕ್ಕೆ ಎಡಿನ್‌ಬರ್ಗ್ ತನಕ ಹೋಗಿ. ಅಲ್ಲಿನ ಗಿರಣಿಗೆ ಶೆರಿಡನ್‌ನ ಸೈನಿಕರು ಬೆಂಕಿ ಇಟ್ಟಿದ್ದರಂತೆ, ಊರಿನ ಹೆಣ್ಣುಮಕ್ಕಳು ಬೇಡಿಕೊಂಡ ಮೇಲೆ ಅವರೇ ಆರಿಸಿದರು ಎಂದು ಊರವರು ಹೇಳುತ್ತಾರೆ. ಆ ಕಟ್ಟಡ ಈಗ ಮ್ಯೂಸಿಯಂ.