ಫೈಲ್ ಸರ್ವರ್ ಬಿಟ್ಟು ಶೇರ್‌ಪಾಯಿಂಟ್‌ಗೆ ಹೋಗ್ತಿದೀರಾ? ವೆಂಡರ್‌ಗೆ ದುಡ್ಡು ಕೊಡೋ ಮುಂಚೆ ಇದನ್ನೊಂದ್ಸಲ ಓದಿ

ಮೊದ್ಲೇ ಹೇಳ್ಬಿಡ್ತೀನಿ, ಶೇರ್‌ಪಾಯಿಂಟ್ (ಕಂಪನಿ ಫೈಲ್‌ಗಳನ್ನ ಇಂಟರ್ನೆಟ್ಟಲ್ಲಿ ಇಡೋ ಮೈಕ್ರೋಸಾಫ್ಟ್ ಸೇವೆ) ಕೆಟ್ಟದು ಅಂತ ಹೇಳೋಕೆ ಇದನ್ನ ಬರೀತಿಲ್ಲ. ಸಾಫ್ಟ್‌ವೇರ್ ತನ್ನ ರೂಲ್ ಪ್ರಕಾರನೇ ನಡ್ಕೊಳ್ತು, ಆ ರೂಲ್ ಏನೇನು ಅಂತ ನಮಗೆ ಒಬ್ರೂ ಹೇಳ್ಲಿಲ್ಲ ಅಷ್ಟೇ. ಹೇಳ್ಬೇಕಾಗಿದ್ದ ವೆಂಡರ್‌ಗೆ ಗೊತ್ತಿತ್ತೋ ಇಲ್ವೋ ದೇವ್ರಿಗೇ ಗೊತ್ತು. ಐಟಿ ಕಂಪನಿಗಳಲ್ಲಿ ಇರೋರಿಗೆ ಇದರಲ್ಲಿ ಹೊಸದೇನೂ ಇರಲ್ಲ, ನಮ್ಮಂಥ ಫ್ಯಾಕ್ಟರಿ, ಆಡಿಟ್ ಆಫೀಸು, ಕಾಲೇಜು, ಇಂಥ ಕಡೆ ಇರೋರು ಓದಿ, ಯಾಕಂದ್ರೆ ಈಗ ಎಲ್ಲರೂ ಸರ್ವರ್ ಎತ್ತಿ ಕ್ಲೌಡ್‌ಗೆ ಹೋಗ್ತಿದಾರೆ.

ನಾನಿರೋದು ಪೀಣ್ಯದಲ್ಲಿ ಒಂದು ಮೆಷಿನಿಂಗ್ ಕಂಪನಿಯ ಕ್ವಾಲಿಟಿ ಡಿಪಾರ್ಟ್‌ಮೆಂಟಲ್ಲಿ. ಡ್ರಾಯಿಂಗು, ಕಂಟ್ರೋಲ್ ಪ್ಲಾನು, ಇನ್‌ಸ್ಪೆಕ್ಷನ್ ರಿಪೋರ್ಟು, ಕ್ಯಾಲಿಬ್ರೇಷನ್ ಸರ್ಟಿಫಿಕೇಟು, ಎಲ್ಲಾ ಒಂದು ಹಳೇ ಸರ್ವರಲ್ಲಿತ್ತು, ಎಲ್ಲರ ಕಂಪ್ಯೂಟರಲ್ಲೂ ಝಡ್ ಡ್ರೈವ್ ಅಂತ ಕಾಣ್ತಿತ್ತು. ಸರ್ವರ್ ಸದ್ದು ಮಾಡೋಕೆ ಶುರುವಾದ ಮೇಲೆ ನಮ್ ಓನರ್ರು ಹೊಸಾ ಸರ್ವರ್ ತಗೊಳೋ ಬದ್ಲು, ಹೇಗಿದ್ರೂ ಮೇಲ್ ಮೈಕ್ರೋಸಾಫ್ಟ್ 365ರಲ್ಲೇ ಇದ್ಯಲ್ಲ, ಅದರ ಜೊತೆ ಶೇರ್‌ಪಾಯಿಂಟ್ ಫ್ರೀಯಾಗೇ ಬರತ್ತಲ್ಲ, ಅಲ್ಲಿಗೇ ಹಾಕ್ಸೋಣ ಅಂದ್ರು. ನಿರ್ಧಾರ ಸರಿಯಾಗೇ ಇತ್ತು. ವೆಂಡರ್ ಒಬ್ರು ಬಂದ್ರು, ಕೊಟೇಷನ್ ಕಮ್ಮಿ ಇತ್ತು, ಮೀಟಿಂಗಲ್ಲಿ ಏನಂದ್ರು ಅಂದ್ರೆ "ಸಾರ್, ಶನಿವಾರ ಸಂಜೆ ಶುರು ಮಾಡಿದ್ರೆ ಸೋಮವಾರ ಬೆಳಗ್ಗೆ ಎಲ್ಲಾ ಕ್ಲೌಡಲ್ಲಿರತ್ತೆ, ಅದೇ ಫೋಲ್ಡರ್ ಅದೇ ಹೆಸರು, ನಿಮ್ ಹುಡುಗ್ರಿಗೆ ಗೊತ್ತೇ ಆಗಲ್ಲ". ಈ ಮಾತು ಯಾರಾದ್ರೂ ನಿಮ್ಮ ಮುಂದೆ ಹೇಳಿದ್ರೆ ಅವರಿಗೆ ಕಾಫಿ ಕೊಟ್ಟು ಕಳಿಸ್ಬಿಡಿ. ಕೆಲಸ ಮಾಡೋ ಹುಡುಗರಿಗೆ ಗೊತ್ತಾಗ್ಲೇಬೇಕು. ಝಡ್ ಡ್ರೈವ್ ಥರ ಕಾಣತ್ತೆ ಆದ್ರೆ ಇದು ಝಡ್ ಡ್ರೈವ್ ಅಲ್ಲ, ನಮ್ಮ ಅಷ್ಟೂ ತಾಪತ್ರಯ ಹುಟ್ಟಿದ್ದು ಇಲ್ಲೇ.

ಅವರ ಹುಡುಗ ಬಂದು ಮಾಡಿದ್ದೇನು ಅಂದ್ರೆ ಒಂದು ಲ್ಯಾಪ್‌ಟಾಪಲ್ಲಿ ಬ್ರೌಸರ್ ಓಪನ್ ಮಾಡಿ ಸರ್ವರಿಂದ ಫೋಲ್ಡರ್‌ಗಳನ್ನ ಎಳ್ದು ಎಳ್ದು ಅಪ್‌ಲೋಡ್ ಮಾಡಿದ್ದು. ಮನೆ ಶಿಫ್ಟ್ ಮಾಡೋರು ಪಾತ್ರೆ ಪುಸ್ತಕ ಎಲ್ಲಾ ಒಂದೇ ಗೋಣಿಚೀಲಕ್ಕೆ ತುಂಬ್ತಾರಲ್ಲ ಹಂಗೆ. ಸೋಮವಾರ ನೋಡಿದ್ರೆ ಫೈಲ್‌ಗಳೇನೋ ಇದ್ವು, ಆದ್ರೆ ವರ್ಷಗಳ ಹಿಂದಿನ ಡ್ರಾಯಿಂಗೂ ಅವತ್ತಿನ ತಾರೀಖೇ ತೋರಿಸ್ತಿತ್ತು, ಮಾಡಿದವರು ಯಾರು ಅನ್ನೋ ಕಡೆ ಎಲ್ಲದಕ್ಕೂ ಆ ಹುಡುಗ ಲಾಗಿನ್ ಆಗಿದ್ದ ಅಡ್ಮಿನ್ ಐಡಿನೇ. ಮೈಕ್ರೋಸಾಫ್ಟ್‌ನವರೇ ಶೇರ್‌ಪಾಯಿಂಟ್ ಮೈಗ್ರೇಷನ್ ಟೂಲ್ ಅಂತ ಒಂದು ಫ್ರೀಯಾಗಿ ಕೊಡ್ತಾರೆ, ಅದರಲ್ಲಿ ಮಾಡಿದ್ರೆ ಹಳೇ ತಾರೀಖು ಉಳಿಯತ್ತೆ, ಯಾರ ಫೈಲ್ ಅನ್ನೋದನ್ನೂ ಹೊಂದಿಸಿ ತರಬಹುದು. ದುಡ್ಡು ಖರ್ಚಿಲ್ಲದ ಕೆಲಸ, ಅದನ್ನೂ ಮಾಡ್ಲಿಲ್ಲ. ಐಎಸ್‌ಒ 9001 ಅನ್ನೋ ಕ್ವಾಲಿಟಿ ಸರ್ಟಿಫಿಕೇಟ್ ಇರೋ ಕಂಪನಿಯವರಿಗೆ ಇದು ಯಾಕೆ ದೊಡ್ಡ ವಿಷ್ಯ ಅಂತ ಗೊತ್ತಿರತ್ತೆ, ಅದರ 7.5.3ನೇ ಕಲಮಲ್ಲಿ ಡಾಕ್ಯುಮೆಂಟ್ ಕಂಟ್ರೋಲ್ ಬಗ್ಗೆನೇ ಇದೆ. ಆಡಿಟರ್ ಬಂದು ಈ ರಿವಿಷನ್ ಯಾವಾಗ ಆಯ್ತು ಅಂತ ಕೇಳಿದ್ರೆ ಸಿಸ್ಟಮಲ್ಲಿ ತೋರ್ಸೋಕೆ ಏನೂ ಇಲ್ಲ, ಹಳೇ ಪ್ರಿಂಟ್‌ಔಟಲ್ಲಿರೋ ಸೈನ್ ಹುಡುಕ್ಕೊಂಡು ರ‍್ಯಾಕ್ ರ‍್ಯಾಕ್ ತಿರುಗಿದ್ವಿ.

ಇನ್ನು ಫೋಲ್ಡರ್ ಒಳಗೆ ಫೋಲ್ಡರ್, ಅದರೊಳಗೆ ಇನ್ನೊಂದು. ಶೇರ್‌ಪಾಯಿಂಟಲ್ಲಿ ಪೂರ್ತಿ ಪಾತ್, ಅಂದ್ರೆ ಒಂದರೊಳಗೊಂದು ಇರೋ ಫೋಲ್ಡರ್‌ಗಳ ಹೆಸರೆಲ್ಲ, ಫೈಲ್ ಹೆಸರೂ ಸೇರಿ 400 ಅಕ್ಷರ ದಾಟಂಗಿಲ್ಲ, ಅದೇ ಲೈಬ್ರರಿ (ಶೇರ್‌ಪಾಯಿಂಟಲ್ಲಿ ಫೈಲ್ ಇಡೋ ಜಾಗ) ಲ್ಯಾಪ್‌ಟಾಪ್‌ಗೆ ಸಿಂಕ್ ಆದಾಗ, ಅಂದ್ರೆ ಕ್ಲೌಡೂ ಲ್ಯಾಪ್‌ಟಾಪೂ ಯಾವಾಗ್ಲೂ ಒಂದೇ ಥರ ಇರೋ ಹಂಗೆ ಜೋಡಿಸಿದಾಗ, ವಿಂಡೋಸ್‌ನ ಹಳೇ 260 ಅಕ್ಷರದ ಕಾಟ ಬೇರೆ, ಎಕ್ಸೆಲ್ ಅಂತೂ 218ಕ್ಕೇ ಮುನಿಸ್ಕೊಳತ್ತೆ. ನಮ್ಮಲ್ಲಿ ಕಸ್ಟಮರ್ ಹೆಸರು, ಪ್ರಾಜೆಕ್ಟ್ ಹೆಸರು, ಪಾರ್ಟ್ ನಂಬರ್, ಆಮೇಲೆ "ಫೈನಲ್ ಅಪ್ರೂವ್ಡ್ ನ್ಯೂ 2" ಅಂತೆಲ್ಲ ಉದ್ದುದ್ದ ಇಡೋ ಅಭ್ಯಾಸ, ಹಂಗಾಗಿ ಎಷ್ಟೋ ಫೈಲ್ ಹೋಗಲೇ ಇಲ್ಲ, ಹೋಗದೇ ಇದ್ದಿದ್ದರ ಪಟ್ಟಿ ಕೊಡಿ ಅಂದ್ರೆ ಪಟ್ಟಿ ಮಾಡೇ ಇಲ್ಲ ಅಂದ್ರು. ಅಸೆಂಬ್ಲಿ ಡ್ರಾಯಿಂಗ್ ಓಪನ್ ಮಾಡಿದ್ರೆ ಒಳಗಿನ ಪಾರ್ಟ್‌ಗಳು ಕಾಣಲ್ಲ, ಯಾಕಂದ್ರೆ ಆಟೋಕ್ಯಾಡ್ ಎಕ್ಸ್‌ರೆಫ್ (ಒಂದು ಡ್ರಾಯಿಂಗಿಂದ ಇನ್ನೊಂದು ಡ್ರಾಯಿಂಗ್ ಫೈಲ್‌ಗೆ ಕೊಟ್ಟಿರೋ ಲಿಂಕ್) ಇನ್ನೂ ಝಡ್ ಡ್ರೈವಲ್ಲೇ ಹುಡುಕ್ತಾ ಕೂತಿದೆ. ಕಾಸ್ಟಿಂಗ್ ಶೀಟ್‌ಗಳಲ್ಲಿ ಒಂದು ಎಕ್ಸೆಲ್ಲಿಂದ ಇನ್ನೊಂದಕ್ಕೆ ಕೊಟ್ಟಿದ್ದ ಲಿಂಕ್‌ಗಳದ್ದೂ ಅದೇ ಕಥೆ. ಕ್ಯಾಡ್ ಫೈಲ್ ಜಾಸ್ತಿ ಇರೋರು ಇದನ್ನ ಮೊದ್ಲು ಒಂದು ಸಣ್ಣ ಫೋಲ್ಡರಲ್ಲಿ ಟ್ರಯಲ್ ಮಾಡ್ಸಿ, ನಿಜವಾಗ್ಲೂ ಓಪನ್ ಮಾಡಿ ನೋಡಿ, ಕಾಪಿ ಆಯ್ತಲ್ಲ ಅಂತ ಸುಮ್ನಾಗ್ಬೇಡಿ.

ಇಲ್ಲೀತನಕ ಆಗಿದ್ದೆಲ್ಲ ತಲೆನೋವು. ನಿಜವಾಗ್ಲೂ ನಷ್ಟ ಮಾಡಿದ್ದು ಸಿಂಕ್.

ವೆಂಡರ್ ಎಲ್ಲರ ಲ್ಯಾಪ್‌ಟಾಪಲ್ಲೂ ಸಿಂಕ್ ಬಟನ್ ಒತ್ತಿ ಇಡೀ ಲೈಬ್ರರಿನ ಎಕ್ಸ್‌ಪ್ಲೋರರಲ್ಲಿ ಕಾಣೋ ಹಂಗೆ ಮಾಡಿ ಹೋದ. ಎಲ್ಲರಿಗೂ ಖುಷಿ, ಹಳೇ ಥರಾನೇ ಇದೆ ಅಂತ. ನಮ್ಮಲ್ಲಿ ಡಿಸೈನ್‌ನ ಒಬ್ಬ ಹುಡುಗನ ಲ್ಯಾಪ್‌ಟಾಪ್ 256 ಜಿಬಿದು, ಸಿ ಡ್ರೈವ್ ಕೆಂಪಗಾಗಿತ್ತು, ಪಾಪ ಅವ್ನು ಏನ್ ಮಾಡ್ದ ಅಂದ್ರೆ ತನಗೆ ಬೇಡದ ಹಳೇ ಕಸ್ಟಮರ್ ಫೋಲ್ಡರ್‌ಗಳನ್ನ ತನ್ನ ಲ್ಯಾಪ್‌ಟಾಪಿಂದ ಡಿಲೀಟ್ ಮಾಡ್ದ. ತನ್ನ ಲ್ಯಾಪ್‌ಟಾಪಿಂದ ಅಂತ ಅವನ ಲೆಕ್ಕ. ಸಿಂಕ್ ಆಗಿರೋ ಫೋಲ್ಡರಲ್ಲಿ ಡಿಲೀಟ್ ಒತ್ತಿದ್ರೆ ಅದು ಎಲ್ಲರಿಗೂ ಡಿಲೀಟು, ಕ್ಲೌಡಲ್ಲೂ ಹೋಯ್ತು, ಓನರ್ರ ಲ್ಯಾಪ್‌ಟಾಪಲ್ಲೂ ಹೋಯ್ತು. ಜಾಗ ಬೇಕಿದ್ರೆ ರೈಟ್ ಕ್ಲಿಕ್ ಮಾಡಿ ಫ್ರೀ ಅಪ್ ಸ್ಪೇಸ್ ಅಂತ ಒತ್ತಬೇಕಿತ್ತು, ಆಗ ಫೈಲ್ ಕ್ಲೌಡಲ್ಲೇ ಇದ್ದು ಲ್ಯಾಪ್‌ಟಾಪಲ್ಲಿ ಬರೀ ಹೆಸರು ಉಳಿಯತ್ತೆ. ಇದನ್ನ ಹೇಳ್ಕೊಡೋಕೆ ಎರಡು ನಿಮಿಷ ಸಾಕಿತ್ತು. ಎಲ್ಲಾ ಕಡೆಯಿಂದ ಹೋಗತ್ತೆ ಅಂತ ಒಂದು ಮೆಸೇಜ್ ಬರತ್ತೆ, ಆದ್ರೆ ಮತ್ತೆ ತೋರಿಸ್ಬೇಡ ಅಂತ ಟಿಕ್ ಮಾಡೋ ಜಾಗಾನೂ ಅದರಲ್ಲೇ ಇರತ್ತೆ, ಇನ್ನು ಕೇಳ್ಬೇಕಾ. ಜಾಸ್ತಿ ಫೈಲ್ ಡಿಲೀಟ್ ಮಾಡಿದೀರಾ ನೋಡ್ಕೊಳಿ ಅಂತ ಅವನಿಗೆ ಮೇಲ್ ಕೂಡ ಬಂದಿತ್ತಂತೆ, ಇಂಗ್ಲಿಷಲ್ಲಿ ಉದ್ದಕ್ಕೆ ಬಂದಿರೋ ಅಂಥ ಮೇಲನ್ನ ಯಾವ ಪುಣ್ಯಾತ್ಮ ಓದ್ತಾನೆ ಹೇಳಿ. ನಾನಂತೂ ಅವನನ್ನ ಬೈಯಲ್ಲ.

ಹಳೇ ಕಸ್ಟಮರ್ ಫೋಲ್ಡರ್ ಅಲ್ವಾ, ಯಾರೂ ಆ ಕಡೆ ಹೋಗ್ಲಿಲ್ಲ. ತಿಂಗಳುಗಳು ಕಳೆದ ಮೇಲೆ ಅದೇ ಕಸ್ಟಮರಿಂದ ರಿಪೀಟ್ ಆರ್ಡರ್ ಬಂತು, ಹುಡುಕಿದ್ರೆ ಫೋಲ್ಡರೇ ಇಲ್ಲ. ವೆಂಡರ್‌ಗೆ ಫೋನ್ ಮಾಡಿದ್ರೆ "ರೀಸೈಕಲ್ ಬಿನ್ ನೋಡಿ ಸಾರ್, ಎಲ್ಲೂ ಹೋಗಿರಲ್ಲ". ಅದರ ಲೆಕ್ಕ ಹೆಂಗಿದೆ ಅಂದ್ರೆ, ಡಿಲೀಟ್ ಆದ ಫೈಲ್ ಮೊದ್ಲು ಸೈಟ್‌ನ (ಲೈಬ್ರರಿಗಳನ್ನ ಇಟ್ಟಿರೋ ಶೇರ್‌ಪಾಯಿಂಟ್ ವಿಭಾಗದ) ರೀಸೈಕಲ್ ಬಿನ್‌ಗೆ ಹೋಗತ್ತೆ, ಅಲ್ಲಿಂದಾನೂ ಯಾರಾದ್ರೂ ತೆಗೆದ್ರೆ ಅಡ್ಮಿನ್‌ಗೆ ಮಾತ್ರ ಕಾಣೋ ಎರಡನೇ ಬಿನ್‌ಗೆ ಹೋಗತ್ತೆ, ಎರಡೂ ಸೇರಿ 93 ದಿನ, ಮೊದಲ ಸಲ ಡಿಲೀಟ್ ಆದ ದಿನದಿಂದಾನೇ ಲೆಕ್ಕ. ಎರಡನೇ ಬಿನ್‌ಗೆ ಹೋದ್ರೆ ಮತ್ತೆ ಹೊಸದಾಗಿ 93 ಸಿಗತ್ತೆ ಅಂತ ಬಹಳ ಜನ ಅಂದ್ಕೊಂಡಿದಾರೆ, ಸಿಗಲ್ಲ. ಅದಾದ ಮೇಲೂ 14 ದಿನ ಮೈಕ್ರೋಸಾಫ್ಟ್ ಹತ್ರ ಬ್ಯಾಕಪ್ ಇರತ್ತೆ, ಟಿಕೆಟ್ ಹಾಕ್ಬೇಕು, ಆದ್ರೆ ಅವರು ಒಂದು ಫೋಲ್ಡರ್ ಎತ್ತಿ ಕೊಡಲ್ಲ, ಇಡೀ ಸೈಟನ್ನೇ ಹಿಂದಿನ ಸ್ಥಿತಿಗೆ ತಗೊಂಡು ಹೋಗ್ತಾರೆ. ನಾವು ಅದನ್ನೂ ದಾಟಿ ಎಷ್ಟೋ ಕಾಲ ಆಗಿತ್ತು. ಹಳೇ ಸರ್ವರ್? ಅದನ್ನ ಬೈಬ್ಯಾಕ್ ಅಂತ ವೆಂಡರೇ ತಗೊಂಡು ಹೋಗಿದ್ದ, ಡಿಸ್ಕ್ ಫಾರ್ಮ್ಯಾಟ್ ಆಗಿತ್ತು.

ಕ್ಲೌಡ್ ಅಂದ್ರೆ ಬ್ಯಾಕಪ್ ಅಂತ ನಮ್ಮ ಪರ್ಚೇಸ್ ಮ್ಯಾನೇಜರ್ರು ಇವತ್ತಿಗೂ ವಾದ ಮಾಡ್ತಾರೆ. ಅಲ್ಲ ಸಾರ್. ನಿಮ್ಮ ಕಡೆಯವರೇ ಡಿಲೀಟ್ ಮಾಡಿದ್ರೆ ಕ್ಲೌಡ್ ಅದನ್ನ ನಿಯತ್ತಾಗಿ ಎಲ್ಲಾ ಕಡೆ ಡಿಲೀಟ್ ಮಾಡತ್ತೆ. ಬೇಕಿದ್ರೆ ರಿಟೆನ್ಶನ್ ಪಾಲಿಸಿ ಹಾಕ್ಸಿ, ಆಗ ಯಾರು ಡಿಲೀಟ್ ಮಾಡಿದ್ರೂ ಒಳಗೆ ಪ್ರಿಸರ್ವೇಷನ್ ಹೋಲ್ಡ್ ಲೈಬ್ರರಿ ಅನ್ನೋ ಕಡೆ ಒಂದು ಪ್ರತಿ ನೀವು ಹೇಳಿದಷ್ಟು ವರ್ಷ ಉಳಿಯತ್ತೆ. ಅದರ ಮೇಲೆ ಬೇರೆ ಕಡೆ ಇನ್ನೊಂದು ಬ್ಯಾಕಪ್ಪೂ ಇರಲಿ. ಹಳೇ ಸರ್ವರ್ ಡಿಸ್ಕನ್ನಂತೂ ದಮ್ಮಯ್ಯ ಅಂತೀನಿ, ಬೀರುವಲ್ಲಿಟ್ಟು ಬೀಗ ಹಾಕಿ, ಕಡೇಪಕ್ಷ ಒಂದು ವರ್ಷ.

ಎರಡನೇ ಹೊಡೆತ ಇನ್ನೂ ವಿಚಿತ್ರ. ವರ್ಡು ಎಕ್ಸೆಲ್ ಆದ್ರೆ ಇಬ್ರು ಮೂವರು ಒಂದೇ ಸಲ ಓಪನ್ ಮಾಡಿ ಕೆಲಸ ಮಾಡ್ಬಹುದು, ಆಟೋಕ್ಯಾಡ್‌ನ ಡಿಡಬ್ಲ್ಯುಜಿ ಡ್ರಾಯಿಂಗ್ ಫೈಲ್‌ಗೆ ಆ ಭಾಗ್ಯ ಇಲ್ಲ. ಹಳೇ ಸರ್ವರಲ್ಲಿ ಒಬ್ರು ಓಪನ್ ಮಾಡಿದ್ರೆ ಇನ್ನೊಬ್ರಿಗೆ ರೀಡ್ ಓನ್ಲಿ ಅಂತ ಬರ್ತಿತ್ತು. ಸಿಂಕಲ್ಲಿ ಇಬ್ರೂ ಅವರವರ ಲ್ಯಾಪ್‌ಟಾಪಲ್ಲಿರೋ ಕಾಪಿ ಓಪನ್ ಮಾಡ್ತಾರೆ, ಇಬ್ರೂ ಸೇವ್ ಮಾಡ್ತಾರೆ, ಯಾವುದು ಸರಿ ಅಂತ ಗೊತ್ತಾಗದೇ ಒನ್‌ಡ್ರೈವ್ (ಈ ಸಿಂಕ್ ಮಾಡೋ ಮೈಕ್ರೋಸಾಫ್ಟ್ ಪ್ರೋಗ್ರಾಂ) ಒಂದಕ್ಕೆ ಲ್ಯಾಪ್‌ಟಾಪ್ ಹೆಸರು ಸೇರ್ಸಿ ಎರಡೂ ಫೈಲ್ ಪಕ್ಕಪಕ್ಕ ಇಡತ್ತೆ. ನಮ್ಮಲ್ಲಿ ಒಂದು ಬೋರ್ ಟಾಲರೆನ್ಸ್ (ತೂತಿನ ಅಳತೆ ಎಷ್ಟು ಹೆಚ್ಚುಕಮ್ಮಿ ಇರಬಹುದು ಅನ್ನೋ ಮಿತಿ) ರಿವಿಷನ್ ಸಿ ಯಲ್ಲಿ ಬದಲಾಗಿತ್ತು, ಪ್ರೊಡಕ್ಷನ್‌ನವರು ಪ್ರಿಂಟ್ ತೆಗೆದಿದ್ದು ಆ ಬದಲಾವಣೆ ಇಲ್ಲದ ಇನ್ನೊಂದು ಫೈಲನ್ನ. ಇನ್‌ಸ್ಪೆಕ್ಷನ್ ಟೇಬಲ್ ಮೇಲೆ ಇದ್ದಿದ್ದೂ ಅದೇ ಪ್ರಿಂಟಿನ ಜೆರಾಕ್ಸ್, ಹಂಗಾಗಿ ಇಲ್ಲಿ ಎಲ್ಲಾ ಪಾಸು, ಕಸ್ಟಮರ್ ಕಡೆ ಇಡೀ ಲಾಟ್ ರಿಜೆಕ್ಟು. ಇದಕ್ಕೆ ಲೈಬ್ರರಿ ಸೆಟ್ಟಿಂಗಲ್ಲಿ ಚೆಕ್ ಔಟ್ ಕಡ್ಡಾಯ ಮಾಡ್ಬಹುದು, ಒಬ್ರು ತಗೊಂಡ್ರೆ ವಾಪಸ್ ಕೊಡೋ ತನಕ ಇನ್ನೊಬ್ರು ಮುಟ್ಟಂಗಿಲ್ಲ, ಒಂದೇ ವಿಷ್ಯ ಅಂದ್ರೆ ಹಂಗೆ ಮಾಡಿದ ಲೈಬ್ರರಿ ಸಿಂಕಲ್ಲಿ ರೀಡ್ ಓನ್ಲಿಯಾಗಿ ಬರತ್ತೆ. ನನ್ನ ಕೇಳಿದ್ರೆ ರಿಲೀಸ್ ಆದ ಡ್ರಾಯಿಂಗ್‌ಗೆ ಅದೇ ಒಳ್ಳೇದು, ಶಾಪ್ ಫ್ಲೋರ್‌ನವರಿಗೆ ಎಡಿಟ್ ಮಾಡೋ ಕೆಲಸ ಏನಿದೆ.

ಪರ್ಮಿಷನ್ ಬಗ್ಗೆ ಜಾಸ್ತಿ ಬರೆಯಲ್ಲ, ಒಂದು ಘಟನೆ ಸಾಕು. ಕ್ಯಾಂಟೀನಲ್ಲಿ ಯಾರೋ ದಸರಾ ಬೋನಸ್ ಯಾವಾಗ ಅಂತ ಮಾತಾಡ್ತಾ ಶೇರ್‌ಪಾಯಿಂಟ್ ಸರ್ಚಲ್ಲಿ ಬೋನಸ್ ಅಂತ ಟೈಪ್ ಮಾಡಿದ್ರೆ, ಎಲ್ಲರ ಸಂಬಳದ ಎಕ್ಸೆಲ್ ಮೊದಲನೇ ಸಾಲಲ್ಲೇ ಬಂತು. ವೆಂಡರ್ ಒಂದೊಂದು ಡಿಪಾರ್ಟ್‌ಮೆಂಟ್‌ಗೆ ಪರ್ಮಿಷನ್ ಕೊಡೋಕೆ ಬೇಜಾರಾಗಿ "ಎವ್ರಿಒನ್ ಎಕ್ಸೆಪ್ಟ್ ಎಕ್ಸ್‌ಟರ್ನಲ್ ಯೂಸರ್ಸ್" ಅನ್ನೋ ಗ್ರೂಪನ್ನ ಮೇಲ್ಗಡೆ ಹಾಕಿಬಿಟ್ಟಿದ್ದ, ಅಂದ್ರೆ ಕಂಪನಿ ಲಾಗಿನ್ ಇರೋ ಎಲ್ಲರೂ. ಸರ್ಚ್ ತಪ್ಪೇನೂ ಮಾಡ್ಲಿಲ್ಲ, ಯಾರಿಗೆ ಪರ್ಮಿಷನ್ ಇದ್ಯೋ ಅವರಿಗೆ ತೋರ್ಸತ್ತೆ. ಹಳೇ ಸರ್ವರಲ್ಲಿ ಹತ್ತು ಫೋಲ್ಡರ್ ಒಳಗೆ ಮುಚ್ಚಿಟ್ಟಿದ್ದು ಯಾರಿಗೂ ಸಿಗ್ತಿರ್ಲಿಲ್ಲ, ಇಲ್ಲಿ ಆಳ ಅನ್ನೋದೇ ಇಲ್ಲ. ಆ ವಾರ ಎಚ್‌ಆರ್ ಮೇಡಂ ಕ್ಯಾಬಿನ್ ಮುಂದೆ ಕ್ಯೂ ಇತ್ತು. ಸಂಬಳ, ಪರ್ಸನಲ್ ಫೈಲ್, ಓನರ್ ಕಾಗದಪತ್ರ, ಇವನ್ನ ಬೇರೆ ಸೈಟೇ ಮಾಡ್ಸಿ, ಒಂದೇ ಸೈಟಲ್ಲಿ ಫೋಲ್ಡರ್ ಫೋಲ್ಡರ್‌ಗೂ ಬೇರೆ ಬೇರೆ ಪರ್ಮಿಷನ್ ಕೊಟ್ರೆ ಆರು ತಿಂಗಳಿಗೆ ಯಾರಿಗೆ ಏನು ಕಾಣತ್ತೆ ಅಂತ ಯಾರಿಗೂ ಗೊತ್ತಿರಲ್ಲ.

ಕನ್ನಡದಲ್ಲಿ ಫೈಲ್ ಇರೋರಿಗೆ ಒಂದು ಮಾತು. ನಮ್ಮ ಶಾಪ್ ಫ್ಲೋರ್ ಸೂಚನೆಗಳೆಲ್ಲ ಹಳೇ ನುಡಿ ಫಾಂಟಲ್ಲಿ ಟೈಪ್ ಮಾಡಿರೋವು, ಯೂನಿಕೋಡ್ ಅಲ್ಲ. ಕಣ್ಣಿಗೆ ಕನ್ನಡ ಕಂಡ್ರೂ ಒಳಗೆ ಇರೋದು ಇಂಗ್ಲಿಷ್ ಅಕ್ಷರಗಳ ಚೌಚೌ, ಹಂಗಾಗಿ ಸರ್ಚಲ್ಲಿ ಕನ್ನಡ ಪದ ಹಾಕಿದ್ರೆ ಒಂದೂ ಸಿಗಲ್ಲ. ಯೂನಿಕೋಡ್‌ಗೆ ಕನ್ವರ್ಟ್ ಮಾಡ್ಕೊಂಡೇ ಅಪ್‌ಲೋಡ್ ಮಾಡಿ. ಫೈಲ್ ಹೆಸರನ್ನ ಕನ್ನಡದಲ್ಲಿ ಇಡಬಹುದು, ತೊಂದ್ರೆ ಇಲ್ಲ, ಆದ್ರೆ ಲಿಂಕ್ ಕಾಪಿ ಮಾಡಿ ವಾಟ್ಸಾಪಲ್ಲಿ ಹಾಕಿದ್ರೆ ಒಂದೊಂದು ಅಕ್ಷರವೂ ಪರ್ಸೆಂಟ್ ಚಿಹ್ನೆ ಸೇರಿ ಒಂಬತ್ತೊಂಬತ್ತು ಅಕ್ಷರ ಆಗಿ ಮಾರುದ್ದ ಆಗಬಹುದು, ಹೆದರ್ಬೇಡಿ.

ಹಾ, ಇನ್ನೊಂದು ಮರೀತಿದ್ದೆ. ಕಂಪನಿ ಫೈಲನ್ನ ಸ್ವಂತ ಒನ್‌ಡ್ರೈವಲ್ಲಿಟ್ಟು (ಕಂಪನಿ ಲಾಗಿನ್ ಜೊತೆ ಒಬ್ಬೊಬ್ರಿಗೂ ಸಿಗೋ ಅವರದೇ ಜಾಗ) ಲಿಂಕ್ ಕಳಿಸೋರು ಎಲ್ಲಾ ಕಡೆ ಇರ್ತಾರೆ. ಅವರು ಕೆಲಸ ಬಿಟ್ಟು ಅಕೌಂಟ್ ಡಿಲೀಟ್ ಆದ್ರೆ, ಅಡ್ಮಿನ್ ಬದಲಾಯಿಸದೇ ಇದ್ರೆ 30 ದಿನ ಇರತ್ತೆ, ಆಮೇಲೆ ಅಡ್ಮಿನ್ ಮಾತ್ರ ವಾಪಸ್ ತರಬಹುದಾದ 93 ದಿನ, ಆಮೇಲೆ ಮುಗೀತು. ರಿಲೀವಿಂಗ್ ಲೆಟರ್ ಕೊಡೋ ಮುಂಚೆ ಲ್ಯಾಪ್‌ಟಾಪ್ ಚಾರ್ಜರ್ ಕೇಳಿ ಇಸ್ಕೊಳ್ತೀವಲ್ಲ, ಜೊತೆಗೆ ಇದನ್ನೂ ಕೇಳಿ.

ಈಗ ಆ ಕಳೆದುಹೋದ ಡ್ರಾಯಿಂಗ್‌ಗಳನ್ನ ಸ್ಟೋರ್ಸಲ್ಲಿ ಉಳಿದಿದ್ದ ಸ್ಯಾಂಪಲ್ ಪಾರ್ಟ್‌ಗಳನ್ನ ಸಿಎಂಎಂ ಅನ್ನೋ ಅಳತೆ ಮೆಷಿನ್ ಮೇಲಿಟ್ಟು ಅಳತೆ ತೆಗೆದು ಮತ್ತೆ ಮಾಡ್ತಿದೀವಿ, ಅಳತೆ ಸಿಗತ್ತೆ, ಟಾಲರೆನ್ಸ್ ಸಿಗಲ್ಲ, ಅದಕ್ಕೆ ಕಸ್ಟಮರ್‌ನೇ ಕೇಳ್ಬೇಕು, ಅವರು ನಿಮ್ ಹತ್ರ ಇರ್ಬೇಕಲ್ವಾ ಅಂತಾರೆ. ವೆಂಡರ್ ಮೇಲೆ ಏನೂ ಮಾಡೋಕಾಗ್ಲಿಲ್ಲ, ಯಾಕಂದ್ರೆ ಕೆಲಸ ಮುಗೀತು ಅನ್ನೋ ಕಾಗದಕ್ಕೆ ಆ ಸೋಮವಾರ ಬೆಳಗ್ಗೆನೇ ಸೈನ್ ಹಾಕ್ಸ್ಕೊಂಡಿದ್ರು, ಅದರಲ್ಲಿ ಎಷ್ಟು ಫೈಲ್ ಇತ್ತು ಎಷ್ಟು ಹೋಯ್ತು ಅನ್ನೋ ಲೆಕ್ಕವೇ ಇರ್ಲಿಲ್ಲ. ನೀವು ಸೈನ್ ಹಾಕೋ ಮುಂಚೆ ಎರಡೂ ಕಡೆಯ ಫೈಲ್ ಲೆಕ್ಕ, ಹೋಗದೇ ಇದ್ದಿದ್ದರ ಪಟ್ಟಿ, ಒಂದು ಫೋಲ್ಡರ್ ಡಿಲೀಟ್ ಮಾಡಿ ವಾಪಸ್ ತಂದು ತೋರ್ಸೋದು, ಈ ಮೂರನ್ನ ಕೇಳಿ. ಕೊನೇ ಕಂತನ್ನ ತಿಂಗಳು ಕಳೆದ ಮೇಲೆ ಕೊಡ್ತೀವಿ ಅಂತ ಪರ್ಚೇಸ್ ಆರ್ಡರಲ್ಲೇ ಬರೆಸಿ, ಒಪ್ಪದೇ ಇದ್ರೆ ಬೇರೆಯವರನ್ನ ನೋಡ್ಕೊಳಿ.