ಮ್ಯಾಟರ್‌ಹಾರ್ನ್ ವಸ್ತುಸಂಗ್ರಹಾಲಯ: ಜೆರ್ಮಾಟ್‌ನಲ್ಲಿ ಮೊದಲು ನೋಡಬೇಕಾದದ್ದು

ಸ್ವಿಟ್ಜರ್ಲೆಂಡಿನ ಜೆರ್ಮಾಟ್‌ಗೆ ಹೋದವರಲ್ಲಿ ಹೆಚ್ಚಿನವರು ಮ್ಯಾಟರ್‌ಹಾರ್ನ್ ಶಿಖರವನ್ನು ನೋಡಿ ಮರಳುತ್ತಾರೆ. ಆದರೆ ಆ ಶಿಖರದಿಂದಲೇ ಬದುಕು ಕಟ್ಟಿಕೊಂಡ ಊರನ್ನು ಅರಿಯಬೇಕಾದರೆ ಚರ್ಚಿನ ಬಳಿ ನೆಲದಡಿಯಲ್ಲಿರುವ ಈ ವಸ್ತುಸಂಗ್ರಹಾಲಯಕ್ಕೆ ಇಳಿಯಬೇಕು. ಬೇಸಾಯ, ಪಶುಪಾಲನೆಗಳನ್ನೇ ನಂಬಿದ್ದವರ ಮರದ ಮನೆಗಳನ್ನು ಇಲ್ಲಿ ಹಳೆಯ ಹಳ್ಳಿಯಂತೆಯೇ ಜೋಡಿಸಿದ್ದಾರೆ. 1865ರ ಜುಲೈ 14ರಂದು ಇಂಗ್ಲೆಂಡಿನ ಪರ್ವತಾರೋಹಿ ಎಡ್ವರ್ಡ್ ವಿಂಪರ್ ಸೇರಿದಂತೆ ಏಳು ಮಂದಿ ಮೊದಲ ಬಾರಿಗೆ ಶಿಖರವೇರಿದರು. ಇಳಿಯುವಾಗ ನಾಲ್ವರು ಬಿದ್ದು ಸತ್ತರು. ಅಂದು ತುಂಡಾದ ಹಗ್ಗ ಇಲ್ಲಿದೆ. ಎಳೆಗಳು ಬಿಚ್ಚಿಕೊಂಡಿರುವ ಅಷ್ಟು ತೆಳುವಾದ ಹಗ್ಗಕ್ಕೆ ಮನುಷ್ಯರ ಜೀವವನ್ನು ಒಪ್ಪಿಸಿದ್ದರೆಂದು ನಂಬುವುದೇ ಕಷ್ಟ. ಆ ದುರಂತದ ಸುದ್ದಿ ಯುರೋಪಿನ ಗಮನವನ್ನು ಇತ್ತ ಸೆಳೆಯಿತು. 1891ರಲ್ಲಿ ಕಣಿವೆಯ ರೈಲು, 1898ರಲ್ಲಿ ಹತ್ತಿರದ ಗೋರ್ನರ್‌ಗ್ರಾಟ್ ಬೆಟ್ಟವನ್ನೇರುವ ಹಲ್ಲುಗಾಲಿ ರೈಲು ಬಂದ ಮೇಲೆ ಪ್ರವಾಸೋದ್ಯಮವೇ ಊರಿನ ಜೀವಾಳವಾಯಿತು. ಬೆಟ್ಟದ ರೈಲು ಹತ್ತುವ ಮುನ್ನವೇ ಇಲ್ಲಿಗೆ ಬರುವುದು ಒಳ್ಳೆಯದು.