ಜೇಜು ದ್ವೀಪದಲ್ಲಿ ಒಂದು ಹಗಲು: ಕ್ರೂಸ್ ಹಡಗಿನವರ ಬಸ್ ಪ್ರವಾಸ ಹೇಗಿತ್ತು?

ಶಾಂಘೈಯಿಂದ ಹೊರಟ ಕ್ರೂಸ್ ಹಡಗಿನಲ್ಲಿ ಅಮ್ಮನೊಡನೆ ಪ್ರಯಾಣ ಮಾಡಿದಾಗ, ನಡುವೆ ಒಂದು ಹಗಲು ದಕ್ಷಿಣ ಕೊರಿಯಾದ ಜೇಜು ದ್ವೀಪದಲ್ಲಿ ಇಳಿಯುವ ಅವಕಾಶವಿತ್ತು. ಆ ದಿನದ ಬಸ್ ಪ್ರವಾಸವನ್ನು ಬೆಂಗಳೂರಿನಲ್ಲಿರುವಾಗಲೇ ಟ್ರಾವೆಲ್ ಏಜೆನ್ಸಿಯೊಂದರ ಮೂಲಕ ಕಾಯ್ದಿರಿಸಿದ್ದೆವು. ದ್ವೀಪ ನಮ್ಮ ನಿರೀಕ್ಷೆಯನ್ನು ಮೀರಿಸಿತು. ಆದರೆ ಪ್ರವಾಸವನ್ನು ಹೊಂದಿಸಿದ್ದ ರೀತಿ ಆ ದ್ವೀಪಕ್ಕೆ ತಕ್ಕುದಾಗಿರಲಿಲ್ಲ.

ಹಡಗು ಬೆಳಿಗ್ಗೆ 8 ಗಂಟೆಗೆ ದಕ್ಷಿಣ ತೀರದ ಸೊಗ್ವಿಪೊ ನಗರಕ್ಕೆ ಸೇರಿದ ಗಾಂಗ್‌ಜೊಂಗ್ ಬಂದರಿನಲ್ಲಿ ನಿಂತಿತು. ಸಂಜೆ 5ರೊಳಗೆ ಎಲ್ಲರೂ ಹಡಗಿಗೆ ಮರಳಬೇಕಿತ್ತು. ಒಂಬತ್ತು ಗಂಟೆ ಎಂದರೆ ಧಾರಾಳವೆಂದು ಭಾವಿಸಿದ್ದೆವು. ಆದರೆ ಸಾವಿರಾರು ಜನ ಒಟ್ಟಿಗೆ ಇಳಿಯುವ ಹಡಗಿನಲ್ಲಿ ವಲಸೆ ತಪಾಸಣೆಯ ಸಾಲು ಕರಗಲು ಒಂದೂವರೆ ಗಂಟೆ ಹಿಡಿಯಿತು. ಮೊದಲ ತಾಣ ದ್ವೀಪದ ಪೂರ್ವದ ತುದಿಯಲ್ಲಿದ್ದುದರಿಂದ, ಅಲ್ಲಿಗೆ ಬಸ್ಸಿನಲ್ಲಿ ಹೋಗಲು ಮತ್ತೆ ಒಂದು ಗಂಟೆಗೂ ಹೆಚ್ಚು ಬೇಕಾಯಿತು.

ಆ ತಾಣವೇ ಸೊಂಗ್ಸಾನ್ ಇಲ್ಚುಲ್‌ಬೊಂಗ್, ಅಂದರೆ ಸೂರ್ಯೋದಯ ಶಿಖರ. ಎತ್ತರ ಕೇವಲ 182 ಮೀಟರ್. ಸುಮಾರು 5,000 ವರ್ಷಗಳ ಹಿಂದೆ ಆಳವಿಲ್ಲದ ಕಡಲಿನ ತಳದಲ್ಲಿ ಶಿಲಾರಸವು ನೀರನ್ನು ಮುಟ್ಟಿ ಸಿಡಿದಾಗ, ಚಿಮ್ಮಿದ ಬೂದಿ ಪದರಪದರವಾಗಿ ಬಿದ್ದು ಗಟ್ಟಿಯಾಗಿ ಉಂಟಾದ ಗುಡ್ಡವಿದು. 2007ರಲ್ಲಿ ಯುನೆಸ್ಕೊ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದ ಜೇಜುವಿನ ಜ್ವಾಲಾಮುಖಿ ತಾಣಗಳಲ್ಲಿ ಇದೂ ಒಂದು. ಲಾಲ್‌ಬಾಗಿನಲ್ಲಿ ದಿನವೂ ನಡೆಯುವ ನಮ್ಮಂಥವರ ಕಾಲಡಿಯ ಬಂಡೆಗೆ ಸುಮಾರು 300 ಕೋಟಿ ವರ್ಷ ವಯಸ್ಸು. ಅದನ್ನು ಬಲ್ಲವರಿಗೆ ಈ ಗುಡ್ಡ ನಿನ್ನೆ ಮೊನ್ನೆ ಹುಟ್ಟಿದ ಕೂಸಿನಂತೆ ಕಾಣುತ್ತದೆ. ಮೆಟ್ಟಿಲುಗಳು ಕಡಿದಾಗಿದ್ದರೂ ಅಚ್ಚುಕಟ್ಟಾಗಿವೆ, ನಡುನಡುವೆ ಕೂರಲು ಜಾಗವಿದೆ. ಅರವತ್ತೆಂಟು ವರ್ಷದ ಅಮ್ಮ ನಿಧಾನವಾಗಿ, ಮುಕ್ಕಾಲು ಗಂಟೆಯಲ್ಲಿ ಹತ್ತಿದರು. ಮೇಲೆ ನಿಂತರೆ ಒಂದು ಬದಿಯಲ್ಲಿ ಹಸಿರು ತುಂಬಿದ ಅಗಲವಾದ ಬೋಗುಣಿ, ಅದರಾಚೆ ಕಡಲು. ಅಮ್ಮ ಬಹಳ ಹೊತ್ತು ಮಾತನಾಡದೆ ನಿಂತು, ಕೊನೆಗೆ "ಇಷ್ಟೇ ನೋಡಿದ್ದರೂ ಸಾಕಾಗಿತ್ತು ಕಣೋ" ಎಂದರು.

ಈ ಗುಡ್ಡದ ಬುಡದ ಕಡಲಂಚಿನಲ್ಲಿ ಹೆನ್ಯೊ ಎಂಬ ಮುಳುಗುಗಾರ್ತಿಯರು ಕೆಲಸ ಮಾಡುತ್ತಾರೆ. ಆಮ್ಲಜನಕದ ಸಿಲಿಂಡರ್ ಇಲ್ಲದೆ, ಉಸಿರು ಬಿಗಿಹಿಡಿದು ಸುಮಾರು 10 ಮೀಟರ್ ಆಳದವರೆಗೂ ಇಳಿದು ಚಿಪ್ಪುಜೀವಿಗಳನ್ನೂ ಕಡಲಕಳೆಯನ್ನೂ ತರುವ ಈ ಹೆಂಗಸರಲ್ಲಿ ಅನೇಕರು ಅಮ್ಮನಿಗಿಂತ ಹಿರಿಯರು. ನೀರಿನಿಂದ ಮೇಲೆ ಬಂದೊಡನೆ ಅವರು ಬಿಡುವ ಉಸಿರು ಸಿಳ್ಳೆಯಂತೆ ಕೇಳುತ್ತದೆಯಂತೆ. ಅವರ ಸಂಸ್ಕೃತಿಯನ್ನು ಯುನೆಸ್ಕೊ 2016ರಲ್ಲಿ ಮಾನವಕುಲದ ಪರಂಪರೆಯೆಂದು ಗುರುತಿಸಿದೆ. ಅಂದು ಮಧ್ಯಾಹ್ನ 2 ಗಂಟೆಗೆ ಅವರ ಪ್ರದರ್ಶನವಿತ್ತು. ನಮ್ಮ ಊಟ ಒಂದು ಗಂಟೆಯ ಸುಮಾರಿಗೆ ಮುಗಿದಿತ್ತು, ಕಾಯಲು ಸಾಧ್ಯವಿತ್ತು. ಆದರೆ ಬಸ್ಸು ನಮ್ಮನ್ನು ಸೌಂದರ್ಯವರ್ಧಕಗಳ ಮಳಿಗೆಯೊಂದಕ್ಕೆ ಒಯ್ದು ನಲವತ್ತು ನಿಮಿಷ ನಿಲ್ಲಿಸಿತು. ಈ ನಿಲುಗಡೆಯ ಮಾತು ನಮಗೆ ಕೊಟ್ಟ ಕಾರ್ಯಕ್ರಮ ಪಟ್ಟಿಯಲ್ಲಿ ಎಲ್ಲಿಯೂ ಇರಲಿಲ್ಲ. ಇಡೀ ಪ್ರವಾಸದಲ್ಲಿ ನನಗೆ ನಿಜವಾಗಿ ನೋವಾದದ್ದು ಇದೊಂದೇ ವಿಷಯಕ್ಕೆ.

ಊಟದ ವಿಚಾರದಲ್ಲಿ ಸಸ್ಯಾಹಾರಿಗಳು ಮುಂಚಿತವಾಗಿಯೇ ಸಿದ್ಧರಾಗಬೇಕು, ಏಕೆಂದರೆ ಜೇಜುವಿನ ಹೆಸರಾಂತ ಅಡುಗೆಯೆಲ್ಲ ಮೀನು ಮತ್ತು ಕಪ್ಪು ಹಂದಿಯ ಮಾಂಸದ್ದು. ನಮಗೆ ಮೊಟ್ಟೆ ತೆಗೆದ ಬಿಬಿಂಬಾಪ್, ಅಂದರೆ ತರಕಾರಿ ಕಲಸಿದ ಅನ್ನ ಸಿಕ್ಕಿತು. ಅದಕ್ಕಿಂತ ಹಿಡಿಸಿದ್ದು ಹೊರಗೆ ಮಾರುತ್ತಿದ್ದ ಬಿಂಗ್ತೊಕ್. ಬಕ್‌ವೀಟ್ ಎಂಬ ಧಾನ್ಯದ ತೆಳು ದೋಸೆಯೊಳಗೆ ಬೇಯಿಸಿದ ಮೂಲಂಗಿಯನ್ನಿಟ್ಟು ಸುರುಳಿ ಸುತ್ತಿರುತ್ತಾರೆ. ಜಿಗುಟು ನವಣೆಯಿಂದ ಮಾಡಿ, ಕೆಂಪು ಕಾಳಿನ ಹೂರಣ ಹಚ್ಚುವ ಒಮೆಗಿ ಎಂಬ ಸಿಹಿಯೂ ಇತ್ತು. ನವಣೆ ಎಂದೊಡನೆ ಅಮ್ಮ ಎರಡು ಪೊಟ್ಟಣ ಕೊಂಡರು.

ಸೊಂಗುಪ್ ಜಾನಪದ ಗ್ರಾಮದಲ್ಲಿ ಮುಕ್ಕಾಲು ಗಂಟೆ ಕಳೆದೆವು. ಕಪ್ಪು ಲಾವಾ ಕಲ್ಲಿನ ಗೋಡೆಗಳು, ಗಾಳಿಗೆ ಹಾರದಂತೆ ಹಗ್ಗದ ಬಲೆ ಬಿಗಿದ ಹುಲ್ಲಿನ ಮಾಡುಗಳು, ಬಾಗಿಲಿನ ಬದಲು ಮೂರು ಮರದ ಅಡ್ಡೆಗಳು. ಮೂರೂ ಕೆಳಗಿದ್ದರೆ ಮನೆಯವರು ಇದ್ದಾರೆ, ಮೂರೂ ಅಡ್ಡಲಾಗಿದ್ದರೆ ದೂರ ಹೋಗಿದ್ದಾರೆ ಎಂದರ್ಥ. ಮಾರ್ಗದರ್ಶಕಿ ಇದನ್ನೆಲ್ಲ ಸರಳ ಇಂಗ್ಲಿಷಿನಲ್ಲಿ ಅಕ್ಕರೆಯಿಂದ ವಿವರಿಸಿದರು. ಅವರ ಕೆಲಸದಲ್ಲಿ ಯಾವ ಕೊರತೆಯೂ ಇರಲಿಲ್ಲ. ಕೊನೆಯ ತಾಣ ಜೊಂಗ್‌ಬಾಂಗ್ ಜಲಪಾತ. 23 ಮೀಟರ್ ಎತ್ತರದಿಂದ ಕಡಲಂಚಿಗೇ ಧುಮುಕುವ ಆ ನೀರಿಗೆ ನಮಗೆ ದೊರೆತದ್ದು ಹದಿನೈದು ನಿಮಿಷ. ಇಳಿಯಬೇಕಾದ ಮೆಟ್ಟಿಲುಗಳನ್ನು ನೋಡಿ ಅಮ್ಮ ಮೇಲೆಯೇ ಉಳಿದರು.

ಬೆಂಗಳೂರಿಗೆ ಮರಳಿದ ಮೇಲೆ ಏಜೆನ್ಸಿಗೆ ಪತ್ರ ಬರೆದು, ಮಳಿಗೆಯ ನಿಲುಗಡೆಯನ್ನು ಪಟ್ಟಿಯಲ್ಲಿ ನಮೂದಿಸುವಂತೆಯೂ, ಸೊಂಗ್ಸಾನ್ ಮತ್ತು ಸೊಂಗುಪ್ ಎರಡನ್ನೇ ನಿಧಾನವಾಗಿ ತೋರಿಸುವ ಇನ್ನೊಂದು ಪ್ರವಾಸವನ್ನು ಹಿರಿಯರಿಗಾಗಿ ಇಡುವಂತೆಯೂ ಕೇಳಿಕೊಂಡಿದ್ದೇನೆ. ಅಂಥದ್ದು ದೊರೆತರೆ ಎರಡನೆಯ ಸಲ ಹೋಗಲು ಅಮ್ಮ ಸಿದ್ಧರಿದ್ದಾರೆ.